ಸಂಜೆ ಆರರ ನಂತರದ ಬಾಲ್ಕನ್: ಯಾವ ಹಳೇ ಊರಲ್ಲಿ ಉಳಿಯಬೇಕು?

ಬಾಲ್ಕನ್ ಕಡೆ, ಅಂದರೆ ಯುರೋಪಿನ ಆಗ್ನೇಯ ಮೂಲೆಯಲ್ಲಿ, ಒಂದೇ ಒಂದು ಹಳೇ ಊರು ನೋಡುವಷ್ಟು ರಜೆ ಇದ್ದರೆ ಬೋಸ್ನಿಯಾ ದೇಶದ ಸರಾಯೆವೊಗೆ ಹೋಗಿ. ಇನ್ನೊಂದು ದಿನ ಕೈಯಲ್ಲಿದ್ದರೆ ಅದೇ ದೇಶದ ಮೊಸ್ತಾರ್‌ನಲ್ಲಿ ಒಂದು ರಾತ್ರಿ ಮಲಗಿ ಬನ್ನಿ. ಹಾಗಾದರೆ ಕ್ರೊಯೇಷಿಯಾದ ಡುಬ್ರೊವ್ನಿಕ್ ಕಥೆ ಏನು ಅಂತ ಕೇಳುತ್ತೀರಿ, ಗೊತ್ತು. ಫೋಟೋ ಲೆಕ್ಕದಲ್ಲಿ ಅದನ್ನು ಮೀರಿಸುವ ಊರು ಆ ಸೀಮೆಯಲ್ಲೇ ಇಲ್ಲ. ಆದರೂ ನನ್ನ ಪಟ್ಟಿಯಲ್ಲಿ ಅದು ಮೊದಲು ಬರುವುದಿಲ್ಲ.

ಹಳೇ ಊರುಗಳನ್ನು ಹೋಲಿಸುವಾಗ ಸಾಮಾನ್ಯವಾಗಿ ಕೋಟೆ ಎಷ್ಟು ದೊಡ್ಡದು, ಚರ್ಚ್ ಯಾವ ಶತಮಾನದ್ದು ಅಂತ ನೋಡುತ್ತಾರೆ. ಬಾಲ್ಕನ್‌ನಲ್ಲಿ ಆ ಲೆಕ್ಕ ಹಿಡಿದು ಹೊರಟರೆ ಯಾವ ಊರನ್ನೂ ಕೈಬಿಡಲು ಆಗುವುದಿಲ್ಲ. ರೋಮನ್ನರು, ಬೈಜಾಂಟಿಯಂನವರು, ವೆನಿಸ್‌ನವರು, ಆಟೋಮನ್ ತುರ್ಕರು, ಆಸ್ಟ್ರಿಯಾದವರು, ಎಲ್ಲರೂ ಬಂದು ಏನಾದರೊಂದು ಕಟ್ಟಿ ಹೋಗಿದ್ದಾರೆ. ಹಾಗಾಗಿ ನಾನು ಕೇಳುವ ಪ್ರಶ್ನೆ ಬೇರೆ. ಸಂಜೆ ಆರರ ಮೇಲೆ, ಟೂರಿಸ್ಟ್ ಬಸ್ಸುಗಳೂ ಹಡಗುಗಳೂ ಹೊರಟ ಮೇಲೆ, ಆ ಬೀದಿಯಲ್ಲಿ ಯಾರು ಉಳಿಯುತ್ತಾರೆ? ಮೇಲಿನ ಕಿಟಕಿಯಲ್ಲಿ ಬಟ್ಟೆ ಒಣಗುತ್ತಿದೆಯಾ? ಅಂಗಡಿಯವನು ಮಾರುವ ವಸ್ತು ಆ ಊರಿನವರಿಗೂ ಬೇಕಾದದ್ದಾ, ಅಥವಾ ಬರೀ ಫ್ರಿಜ್ ಮ್ಯಾಗ್ನೆಟ್ಟಾ? ಒಂದು ಊರಿನ ವಾತಾವರಣ ಅನ್ನುವುದು ಬಹುಪಾಲು ಇಷ್ಟರಲ್ಲೇ ಇರುತ್ತದೆ.

ಸರಾಯೆವೊ: ಇನ್ನೂ ದುಡಿಯುತ್ತಿರುವ ಪೇಟೆ

15ನೇ ಶತಮಾನದಲ್ಲಿ ಇಸಾ ಬೇಗ್ ಇಸಾಕೊವಿಚ್ ಅನ್ನುವ ಆಟೋಮನ್ ಅಧಿಕಾರಿ ಸರಾಯೆವೊಗೆ ಅಡಿಪಾಯ ಹಾಕಿದ. ಅದರ ಹಳೇ ಪೇಟೆಯ ಹೆಸರು ಬಾಶ್‌ಚಾರ್ಶಿಯಾ. ಒಂದೊಂದು ಕಸುಬಿಗೆ ಒಂದೊಂದು ಬೀದಿ, ತಗ್ಗು ಹೆಂಚಿನ ಅಂಗಡಿಗಳು, ನಡುವೆ ಮರದ ಕಾರಂಜಿ ಮಂಟಪ, ಅದರ ಸುತ್ತ ಪಾರಿವಾಳ. ಕಜಾಂಜಿಲುಕ್ ಅನ್ನುವುದು ತಾಮ್ರ ಕೆಲಸದವರ ಬೀದಿ. ಅಲ್ಲಿ ಕಾಫಿ ಪಾತ್ರೆಗಳನ್ನು ಇವತ್ತಿಗೂ ಸುತ್ತಿಗೆಯಲ್ಲಿ ಬಡಿದು ಮಾಡುತ್ತಾರೆ. ಅದೇ ಅಂಗಡಿಗಳಲ್ಲಿ 1990ರ ದಶಕದ ಯುದ್ಧ ಕಾಲದ ಗುಂಡುಗಳ ಖಾಲಿ ಕೊಳವೆಗಳಿಗೆ ಕೆತ್ತನೆ ಮಾಡಿ ಪೆನ್ನು, ಹೂದಾನಿ ಅಂತ ಮಾರುತ್ತಾರೆ. ಕೊಳ್ಳಬೇಕಾ ಬೇಡವಾ ಅನ್ನುವುದು ನಿಮಗೆ ಬಿಟ್ಟದ್ದು. ನನಗಂತೂ ಮನಸ್ಸು ಬರುವುದಿಲ್ಲ.

ಪೇಟೆಯ ನಡುವೆ 1531ರ ಗಾಜಿ ಹುಸ್ರೆವ್ ಬೇಗ್ ಮಸೀದಿ. ಪಕ್ಕದಲ್ಲೇ ಗಡಿಯಾರ ಗೋಪುರ. ಅದರ ಮುಳ್ಳು ನಿಮ್ಮ ಕೈಗಡಿಯಾರಕ್ಕೆ ಹೊಂದುವುದಿಲ್ಲ, ಕೆಟ್ಟಿದೆ ಅಂದುಕೊಳ್ಳಬೇಡಿ. ಅದು ಹಳೇ ಲೆಕ್ಕದ ಗಡಿಯಾರ. ಸೂರ್ಯ ಮುಳುಗುವ ಹೊತ್ತಿಗೆ ಅದರಲ್ಲಿ ಹನ್ನೆರಡು. ಮುಳುಗುವ ಹೊತ್ತು ದಿನಾ ಬದಲಾಗುವುದರಿಂದ ಅದನ್ನು ಆಗಾಗ ಸರಿ ಮಾಡುತ್ತಿರಬೇಕು, ಆ ಕೆಲಸಕ್ಕೆ ಅಂತಲೇ ಒಬ್ಬರು ಇರುತ್ತಾರೆ.

ಅಲ್ಲಿಂದ ಪಶ್ಚಿಮಕ್ಕೆ ಫರ್ಹಾದಿಯಾ ಬೀದಿ ಹಿಡಿದು ನಡೆಯಿರಿ. ನೆಲದ ಮೇಲೆ ಒಂದು ಗೆರೆ ಹಾಕಿದ್ದಾರೆ. ಗೆರೆಯ ಈಚೆ ನಿಂತು ಹಿಂದೆ ನೋಡಿದರೆ ತುರ್ಕರ ಪೇಟೆ, ಮುಂದೆ ನೋಡಿದರೆ ವಿಯೆನ್ನಾ ತರಹದ ನಾಲ್ಕಂತಸ್ತಿನ ಕಟ್ಟಡಗಳು. 1878ರಲ್ಲಿ ಆಸ್ಟ್ರಿಯಾ-ಹಂಗೆರಿ ಬಂದ ಮೇಲೆ ಊರು ಬೆಳೆದದ್ದು ಆ ಕಡೆಗೆ. ಬೇರೆ ಊರುಗಳಲ್ಲಿ ಒಂದು ಕಾಲದ ಕಟ್ಟಡ ಇನ್ನೊಂದು ಕಾಲದ್ದರ ಮೇಲೆ ಕೂತಿರುತ್ತದೆ. ಇಲ್ಲಿ ಎರಡೂ ಪಕ್ಕಪಕ್ಕ ನಿಂತಿವೆ. ಮಸೀದಿ, ಹಳೇ ಆರ್ಥಡಾಕ್ಸ್ ಚರ್ಚ್, 1581ರ ಯಹೂದಿ ಪ್ರಾರ್ಥನಾ ಮಂದಿರ, 1889ರ ಕ್ಯಾಥೊಲಿಕ್ ಕತೀಡ್ರಲ್, ನಾಲ್ಕನ್ನೂ ಆರಾಮಾಗಿ ನಡೆದುಕೊಂಡೇ ನೋಡಿ ಮುಗಿಸಬಹುದು.

ಅದೇ ನಡಿಗೆಯಲ್ಲಿ ನದಿ ಪಕ್ಕಕ್ಕೆ ಇಳಿದರೆ ಲ್ಯಾಟಿನ್ ಸೇತುವೆ. 1914ರ ಜೂನ್ 28ರಂದು ಆಸ್ಟ್ರಿಯಾದ ಯುವರಾಜ ಫ್ರಾಂಜ್ ಫರ್ಡಿನಾಂಡ್‌ಗೆ ಗಾವ್ರಿಲೊ ಪ್ರಿನ್ಸಿಪ್ ಗುಂಡು ಹಾರಿಸಿದ್ದು ಇದರ ಮೂಲೆಯಲ್ಲೇ. ಮೊದಲ ಮಹಾಯುದ್ಧಕ್ಕೆ ಕಿಡಿ ಬಿದ್ದ ಜಾಗ ನೋಡಲು ತುಂಬಾ ಸಣ್ಣದು. ಎದುರಿಗೇ ಟ್ರಾಮ್ ಓಡುತ್ತಿರುತ್ತದೆ, ಜನ ತರಕಾರಿ ಚೀಲ ಹಿಡಿದು ದಾಟುತ್ತಿರುತ್ತಾರೆ.

ಈಗ ಭಾರವಾದ ಮಾತು, ಯುಗೊಸ್ಲಾವಿಯಾ ಒಡೆದಾಗ ನಡೆದ ಯುದ್ಧದ್ದು. 1992ರ ಏಪ್ರಿಲ್‌ನಿಂದ 1996ರ ಫೆಬ್ರವರಿವರೆಗೆ, 1,425 ದಿನ, ಸರ್ಬ್ ಪಡೆಗಳು ಈ ಊರನ್ನು ಸುತ್ತುವರಿದಿದ್ದವು. ಬೆಟ್ಟಗಳ ಮೇಲಿಂದ ಶೆಲ್ ಬೀಳುತ್ತಿತ್ತು. ಊರೊಳಗೆ ಸತ್ತವರು ಸಾವಿರಾರು. ಶೆಲ್ ಬಿದ್ದು ಜನ ಸತ್ತ ಕಡೆ ರಸ್ತೆಯಲ್ಲಿ ಆದ ಗುಳಿಗಳಿಗೆ ಕೆಂಪು ರಾಳ ತುಂಬಿದ್ದಾರೆ, ಅವನ್ನು ಸರಾಯೆವೊ ಗುಲಾಬಿ ಅನ್ನುತ್ತಾರೆ. ವಿಯೆಚ್‌ನಿಟ್ಸಾ ಅನ್ನುವ ಪುರಭವನದ ಕಟ್ಟಡದಲ್ಲಿ ಆಗ ರಾಷ್ಟ್ರೀಯ ಗ್ರಂಥಾಲಯ ಇತ್ತು. 1992ರ ಆಗಸ್ಟ್‌ನಲ್ಲಿ ಅದು ಉರಿದು ಲಕ್ಷಗಟ್ಟಲೆ ಪುಸ್ತಕ ಬೂದಿಯಾದವು. 2014ರಲ್ಲಿ ಕಟ್ಟಡ ಮತ್ತೆ ಬಾಗಿಲು ತೆರೆಯಿತು. ವಿಮಾನ ನಿಲ್ದಾಣದ ಕೆಳಗೆ 1993ರಲ್ಲಿ ಕೈಯಲ್ಲೇ ತೋಡಿದ, ಸುಮಾರು 800 ಮೀಟರ್ ಉದ್ದದ ಸುರಂಗದ ಒಂದು ತುಂಡು ಈಗ ಮ್ಯೂಸಿಯಂ. ಊರಿಗೆ ಆಹಾರ, ಔಷಧಿ, ಆಯುಧ ಬರುತ್ತಿದ್ದದ್ದು ಅದರೊಳಗಿಂದ. ಬೋಸ್ನಿಯಾದ ರಾಷ್ಟ್ರೀಯ ಮ್ಯೂಸಿಯಂನಲ್ಲಿ ಸರಾಯೆವೊ ಹಗ್ಗಾದಾ ಅನ್ನುವ 14ನೇ ಶತಮಾನದ ಯಹೂದಿ ಹಸ್ತಪ್ರತಿ ಇದೆ. ಸ್ಪೇನ್‌ನಿಂದ ಬಂದ ಈ ಪುಸ್ತಕವನ್ನು ಎರಡನೇ ಮಹಾಯುದ್ಧದಲ್ಲಿ ನಾಜಿಗಳ ಕೈಗೆ ಸಿಗದಂತೆ ಬಚ್ಚಿಟ್ಟವರು ದೆರ್ವಿಶ್ ಕೊರ್ಕುತ್, ಅದೇ ಮ್ಯೂಸಿಯಂನಲ್ಲಿದ್ದ ಮುಸ್ಲಿಂ ಗ್ರಂಥಪಾಲಕ. 1990ರ ದಶಕದ ಯುದ್ಧದಲ್ಲೂ ಅದನ್ನು ಉಳಿಸಿಕೊಂಡರು.

ಇಷ್ಟೆಲ್ಲ ಆದ ಊರು ಬರೀ ದುಃಖದ ಊರಾಗಿರಬೇಕಿತ್ತು ಅಲ್ವಾ? ಹಾಗಿಲ್ಲ. ಸಂಜೆ ಹಳದಿ ಕೊತ್ತಲದ ಮೇಲೆ ಹೋಗಿ. ಅಲ್ಲಿನವರು ಜೂತಾ ತಾಬಿಯಾ ಅನ್ನುತ್ತಾರೆ. ಹುಡುಗ ಹುಡುಗಿಯರು, ಅಜ್ಜಂದಿರು, ಸೂರ್ಯಕಾಂತಿ ಬೀಜ ತಿನ್ನುತ್ತಾ ಕೂತಿರುತ್ತಾರೆ. ಕೆಳಗೆ ಪೂರ್ತಿ ಊರು, ಬಿಳಿ ಗೋರಿಗಲ್ಲುಗಳ ಇಳಿಜಾರು, ಮಿನಾರುಗಳು. ರಂಜಾನ್ ತಿಂಗಳಲ್ಲಿ ಉಪವಾಸ ಬಿಡುವ ಹೊತ್ತಿಗೆ ಇಲ್ಲಿಂದಲೇ ತೋಪು ಹಾರಿಸುತ್ತಾರೆ. ಆ ಹೊತ್ತಲ್ಲಿ ಅಲ್ಲಿರುವವರಲ್ಲಿ ಹೆಚ್ಚಿನವರು ಊರಿನವರೇ. ಇದಕ್ಕೇ ಸರಾಯೆವೊ ನನಗೆ ಮೊದಲು.

ಒಂದು ಎಚ್ಚರಿಕೆ. ಊರು ಬಟ್ಟಲಿನಂಥ ಕಣಿವೆಯಲ್ಲಿದೆ. ಡಿಸೆಂಬರ್, ಜನವರಿಯಲ್ಲಿ ಹೊಗೆ ಮಂಜು ಕಟ್ಟಿಕೊಂಡು ಗಾಳಿ ತುಂಬಾ ಕೆಡುತ್ತದೆ. ಉಬ್ಬಸ ಇರುವವರು ಆ ತಿಂಗಳು ಬಿಟ್ಟುಬಿಡಿ.

ಮೊಸ್ತಾರ್: ರಾತ್ರಿ ಉಳಿದರೆ ಮಾತ್ರ

ಸರಾಯೆವೊದಿಂದ ಮೊಸ್ತಾರ್‌ಗೆ ರೈಲಿನಲ್ಲಿ ಹೆಚ್ಚುಕಡಿಮೆ ಎರಡು ಗಂಟೆ. ಬೆಟ್ಟ, ಸುರಂಗ, ಹಸಿರು ನೆರೆತ್ವಾ ನದಿ, ಕಿಟಕಿ ಬಿಟ್ಟು ಕಣ್ಣು ತೆಗೆಯಲು ಆಗುವುದಿಲ್ಲ. ರೈಲುಗಳು ಕಡಿಮೆ, ಸಮಯ ಮೊದಲೇ ನೋಡಿಕೊಳ್ಳಿ.

ಇಲ್ಲಿಗೆ ಬರುವುದೇ ಹಳೇ ಸೇತುವೆಗೆ. ಮಿಮಾರ್ ಹೈರುದ್ದೀನ್ ಅನ್ನುವ ವಾಸ್ತುಶಿಲ್ಪಿ 1566ರಲ್ಲಿ ಮುಗಿಸಿದ ಒಂದೇ ಕಮಾನಿನ ಕಲ್ಲಿನ ಸೇತುವೆ. 1993ರ ನವೆಂಬರ್ 9ರಂದು ಕ್ರೊವಾಟ್ ಪಡೆಗಳ ಶೆಲ್ ದಾಳಿಗೆ ಕುಸಿದು ನೀರಿಗೆ ಬಿತ್ತು. ಅದೇ ಬಗೆಯ ಕಲ್ಲು, ಅದೇ ಬಗೆಯ ಕೆಲಸದಲ್ಲಿ ಮತ್ತೆ ಕಟ್ಟಿ 2004ರ ಜುಲೈನಲ್ಲಿ ತೆರೆದರು. ಮರುವರ್ಷ ಯುನೆಸ್ಕೊ ಪಟ್ಟಿಗೆ ಸೇರಿತು. ಹಾಗಾದರೆ ನಾವು ನೋಡುವುದು ಹಳೇದಾ ಹೊಸದಾ? ಈ ಪ್ರಶ್ನೆ ಕೆಲವರಿಗೆ ತುಂಬಾ ಕಾಡುತ್ತದೆ. ಸೇತುವೆ ಮೇಲಿಂದ ಹಾರುವ ಹುಡುಗರಿಗೆ ಕಾಡುವುದಿಲ್ಲ. 20 ಮೀಟರಿಗೂ ಎತ್ತರದಿಂದ ತಣ್ಣಗೆ ಕೊರೆಯುವ ನೀರಿಗೆ ಹಾರುವುದು ಅಲ್ಲಿ ನೂರಾರು ವರ್ಷಗಳ ಸಂಪ್ರದಾಯ. ಈಗ ಹಾರುವ ಮೊದಲು ಪ್ರವಾಸಿಗರಿಂದ ದುಡ್ಡು ಎತ್ತುತ್ತಾರೆ. ಸಾಕಷ್ಟು ಆಗುವವರೆಗೆ ಕಂಬಿ ಮೇಲೆ ನಿಂತು ಹಾರುವ ಹಾಗೆ ನಟಿಸುತ್ತಲೇ ಇರುತ್ತಾರೆ. ನೀವು ಮಾತ್ರ ಹಾರಲು ಹೋಗಬೇಡಿ.

ಮೊಸ್ತಾರ್‌ನ ಹಳೇ ಭಾಗ ತುಂಬಾ ಚಿಕ್ಕದು. ಡುಬ್ರೊವ್ನಿಕ್‌ನಿಂದ, ಕರಾವಳಿಯ ಬೇರೆ ಊರುಗಳಿಂದ ಒಂದು ದಿನದ ಬಸ್ಸುಗಳು ಬಂದು ಹತ್ತರಿಂದ ನಾಲ್ಕರವರೆಗೆ ಜಾತ್ರೆ ಮಾಡಿ ಹೋಗುತ್ತವೆ. ಆ ಹೊತ್ತಿನಲ್ಲಿ ಸೇತುವೆ ಮೇಲೆ ಕಾಲಿಡಲು ಜಾಗ ಇರುವುದಿಲ್ಲ. ಐದರ ಮೇಲೆ ಊರು ಉಸಿರು ಬಿಡುತ್ತದೆ. ಬೆಳಿಗ್ಗೆ ಏಳಕ್ಕೆ ಸೇತುವೆ ನಿಮ್ಮೊಬ್ಬರದೇ. ಹಾಗಾಗಿ ಒಂದು ರಾತ್ರಿ ಉಳಿಯುವುದಿದ್ದರೆ ಮೊಸ್ತಾರ್ ಹತ್ತಕ್ಕೆ ಒಂಬತ್ತು, ಇಲ್ಲದಿದ್ದರೆ ಐದು. ಸೇತುವೆಯಿಂದ ಸ್ವಲ್ಪ ಆಚೆ ಪಶ್ಚಿಮಕ್ಕೆ ನಡೆದರೆ ಗುಂಡಿನ ತೂತುಗಳಿರುವ ಖಾಲಿ ಕಟ್ಟಡಗಳು ಇನ್ನೂ ಸಿಗುತ್ತವೆ. ಪೂರ್ವಕ್ಕೆ ಬೋಸ್ನಿಯಾಕ್ ಮುಸ್ಲಿಮರು, ಪಶ್ಚಿಮಕ್ಕೆ ಕ್ರೊವಾಟರು, ಊರು ಈಗಲೂ ಎರಡು ಪಾಲು. ಸೇತುವೆ ಮತ್ತೆ ಎದ್ದ ಕಥೆಯ ಜೊತೆ ಇದನ್ನೂ ನೋಡಬೇಕು.

ಡುಬ್ರೊವ್ನಿಕ್ ಅಥವಾ ಕೊಟೊರ್

ಸಮುದ್ರ ಬೇಕೇ ಬೇಕು ಅನ್ನುವವರ ಮುಂದೆ ಇರುವ ಆಯ್ಕೆ ಇದು. ಎರಡೂ ಗೋಡೆ ಸುತ್ತಿದ ಊರು. ಎರಡೂ 1979ರಲ್ಲೇ ಯುನೆಸ್ಕೊ ಪಟ್ಟಿ ಸೇರಿದವು. ನಡುವೆ ಬಸ್ಸಿನಲ್ಲಿ ಎರಡು ಮೂರು ಗಂಟೆ. ಬೇಸಿಗೆಯಲ್ಲಿ ಗಡಿಯ ಸಾಲು ಇದ್ದರೆ ಇನ್ನೂ ಜಾಸ್ತಿ.

ಮೊದಲು ಡುಬ್ರೊವ್ನಿಕ್‌ಗೆ ಕೊಡಬೇಕಾದ ಗೌರವ ಕೊಡೋಣ. ರಗುಸಾ ಅನ್ನುವ ಹೆಸರಲ್ಲಿ ಅದು ಶತಮಾನಗಳ ಕಾಲ ಒಂದು ಸ್ವತಂತ್ರ ಗಣರಾಜ್ಯ. ತುರ್ಕರಿಗೆ ಕಪ್ಪ ಕೊಟ್ಟು, ವೆನಿಸ್ ಜೊತೆ ಜಾಣತನದಿಂದ ನಡೆದುಕೊಂಡು, 1808ರಲ್ಲಿ ನೆಪೋಲಿಯನ್ ಕಡೆಯವರು ಮುಗಿಸುವವರೆಗೆ ತನ್ನ ಪಾಡಿಗೆ ತಾನಿತ್ತು. ಅಲ್ಲಿನ ಮುಖ್ಯಸ್ಥನ ಅಧಿಕಾರ ಒಂದೇ ತಿಂಗಳು. ಆ ತಿಂಗಳು ಪೂರ್ತಿ ಅವನು ಅರಮನೆಯಲ್ಲೇ ಇರಬೇಕು, ಸರ್ಕಾರಿ ಕೆಲಸ ಬಿಟ್ಟು ಹೊರಗೆ ಹೋಗುವಂತಿಲ್ಲ. ಯಾರೂ ಕುರ್ಚಿಗೆ ಅಂಟಿಕೊಳ್ಳದಿರಲಿ ಅಂತ ಮಾಡಿದ ಏರ್ಪಾಡು. 1377ರಲ್ಲೇ ಪ್ಲೇಗ್ ಊರುಗಳಿಂದ ಬಂದವರನ್ನು 30 ದಿನ ಹೊರಗೆ ಇರಿಸುವ ಕಾನೂನು ತಂದರು. 1416ರಲ್ಲಿ ಗುಲಾಮರ ವ್ಯಾಪಾರ ನಿಲ್ಲಿಸಿದರು. ಅವರ ವ್ಯಾಪಾರಿಗಳು ನಮ್ಮ ಪಕ್ಕದ ಗೋವಾಕ್ಕೂ ಬಂದಿದ್ದರು ಅನ್ನುತ್ತಾರೆ. ಅಲ್ಲಿನ ಗಂಡೌಲಿಂನಲ್ಲಿರುವ ಸಾವೊ ಬ್ರಾಸ್ ಚರ್ಚ್‌ಗೂ ಅವರಿಗೂ ಸಂಬಂಧ ಹೇಳುತ್ತಾರೆ. ಬ್ರಾಸ್ ಅಂದರೆ ಡುಬ್ರೊವ್ನಿಕ್ ಊರನ್ನು ಕಾಯುವ ಸಂತ ಬ್ಲೇಸ್. ಗೋವಾ ಕಡೆ ಹೋದಾಗ ಒಮ್ಮೆ ನೋಡಿ ಬನ್ನಿ, ವೀಸಾ ಬೇಡ.

1667ರ ಭೂಕಂಪದಲ್ಲಿ ಊರಿನ ಬಹುಪಾಲು ನೆಲಕ್ಕೆ ಬಿತ್ತು. ಮತ್ತೆ ಕಟ್ಟುವಾಗ ಮುಖ್ಯ ಬೀದಿಯ ಮನೆಗಳನ್ನು ಒಂದೇ ಅಚ್ಚಿನಲ್ಲಿ ಕಟ್ಟಿದರು. ಅದಕ್ಕೇ ಸ್ತ್ರಾದುನ್ ಬೀದಿ ಅಷ್ಟು ನೇರ, ಅಷ್ಟು ಒಂದೇ ಸಮ. ಅದರ ಸುಣ್ಣಕಲ್ಲಿನ ನೆಲ ಹಳೇ ದೇವಸ್ಥಾನದ ಹೊಸ್ತಿಲಿನ ಹಾಗೆ ಸವೆದು ಹೊಳೆಯುತ್ತದೆ. ಮಳೆ ಬಂದರೆ ಜಾರುತ್ತದೆ. ಊರ ಗೋಡೆ ಸುಮಾರು 1,940 ಮೀಟರ್, ಪೂರ್ತಿ ಸುತ್ತಬಹುದು. ಮೇಲಿಂದ ಹೆಂಚುಗಳನ್ನು ಗಮನಿಸಿ. ಕಡು ಕೆಂಪಗೆ ಹೊಸದಾಗಿ ಕಾಣುವವು 1991-92ರ ಶೆಲ್ ದಾಳಿಯ ನಂತರ ಹೊದಿಸಿದವು. ಮಾಸಿದ ಹಳೇ ಹೆಂಚು ಎಷ್ಟು ಕಡಿಮೆ ಉಳಿದಿವೆ ಅಂತ ಅಲ್ಲೇ ಗೊತ್ತಾಗುತ್ತದೆ.

ಇನ್ನು ನನ್ನ ತಕರಾರು. ಯುದ್ಧಕ್ಕೆ ಮೊದಲು ಗೋಡೆಯೊಳಗೆ ಸುಮಾರು 5,000 ಜನ ವಾಸವಿದ್ದರು. ಈಗ 1,500ರ ಆಸುಪಾಸು ಅನ್ನುತ್ತಾರೆ. ಮನೆಗಳು ಬಾಡಿಗೆ ಕೋಣೆಗಳಾಗಿವೆ. ಕಿರಾಣಿ ಅಂಗಡಿ ಹುಡುಕಬೇಕು, ಐಸ್‌ಕ್ರೀಮ್ ಹೆಜ್ಜೆಗೊಂದು. ಟಿವಿ ಧಾರಾವಾಹಿಯ ಚಿತ್ರೀಕರಣ ಆದ ಮೆಟ್ಟಿಲು ಹುಡುಕಿಕೊಂಡು ಬರುವ ಗುಂಪುಗಳು ಬೇರೆ. ಊರಿನವರೂ ಸುಮ್ನೆ ಕೂತಿಲ್ಲ. ಕ್ರೂಸ್ ಹಡಗು ದಿನಕ್ಕೆ ಎರಡೇ, ಒಂದೇ ಹೊತ್ತಿಗೆ ಪ್ರಯಾಣಿಕರು ಗರಿಷ್ಠ 4,000 ಅಂತ ಹಡಗು ಕಂಪನಿಗಳ ಜೊತೆ ಒಪ್ಪಂದ ಮಾಡಿಕೊಂಡಿದ್ದಾರೆ. ಆದರೂ ಜುಲೈ, ಆಗಸ್ಟ್‌ನಲ್ಲಿ ಆ ಬೀದಿ ಊರಿಗಿಂತ ಹೆಚ್ಚಾಗಿ ನಾಟಕದ ಸೆಟ್ಟು ಅನ್ನಿಸುತ್ತದೆ. ನವೆಂಬರ್ ಅಥವಾ ಮಾರ್ಚ್‌ನಲ್ಲಿ ಹೋಗುವಂತಿದ್ದರೆ ನನ್ನ ತಕರಾರನ್ನು ವಾಪಸ್ ತಗೊಳ್ಳುತ್ತೇನೆ. ಆಗ ಬಹಳ ಅಂಗಡಿ ಮುಚ್ಚಿರುತ್ತವೆ, ಗಾಳಿ ಬೀಸುತ್ತದೆ, ಗುಂದುಲಿಚ್ ಚೌಕದ ಬೆಳಗಿನ ಸಂತೆಯಲ್ಲಿ ಊರಿನವರ ಮಾತು ಕಿವಿಗೆ ಬೀಳುತ್ತದೆ. ಯಾವ ಕಾಲಕ್ಕೆ ಹೋದರೂ ಚಕ್ರದ ಸೂಟ್‌ಕೇಸ್ ತರಬೇಡಿ. ಕಲ್ಲಿನ ಮೆಟ್ಟಿಲು ನೂರಾರು, ಸದ್ದಿಗೆ ಊರಿನವರು ರೋಸಿಹೋಗಿದ್ದಾರೆ. ಗೋಡೆ ಹತ್ತುವ ಟಿಕೆಟ್ ದುಬಾರಿ. ಒಂದು ದಿನದ ಡುಬ್ರೊವ್ನಿಕ್ ಪಾಸ್ ಹೆಚ್ಚುಕಡಿಮೆ ಅದೇ ಬೆಲೆಗೆ ಸಿಗುತ್ತದೆ, ಅದರಲ್ಲಿ ಗೋಡೆ, ಮ್ಯೂಸಿಯಂಗಳು, ಸಿಟಿ ಬಸ್ಸು ಎಲ್ಲ ಬರುತ್ತವೆ.

ಕೊಟೊರ್ ಇದಕ್ಕಿಂತ ಸಣ್ಣದು, ಡೊಂಕು. ಮಾಂಟೆನೆಗ್ರೊದ ಕೊಲ್ಲಿಯೊಂದರ ತುದಿಯಲ್ಲಿ, ಕಡಿದಾದ ಬೆಟ್ಟಕ್ಕೆ ಬೆನ್ನು ಒರಗಿಸಿ ಕೂತಿದೆ. 1420ರಿಂದ 1797ರವರೆಗೆ ವೆನಿಸ್ ಕೈಯಲ್ಲಿತ್ತು. ಬಾಗಿಲುಗಳ ಮೇಲಿನ ರೆಕ್ಕೆಯ ಸಿಂಹ ಆ ಕಾಲದ್ದು. 1166ರ ಸಂತ ಟ್ರಿಫೊನ್ ಕತೀಡ್ರಲ್ ಅದಕ್ಕೂ ಹಳೇದು. ಇಲ್ಲಿ ನೇರ ಬೀದಿ ಅಂತ ಒಂದೂ ಇಲ್ಲ. ದಾರಿ ತಪ್ಪುತ್ತೀರಿ, ಒಂದು ಚಿಕ್ಕ ಚೌಕಕ್ಕೆ ಬರುತ್ತೀರಿ, ಅಲ್ಲಿ ನಾಲ್ಕು ಬೆಕ್ಕು ಮಲಗಿರುತ್ತವೆ. ಬೆಕ್ಕುಗಳು ಈ ಊರಿನ ಗುರುತು, ಅವಕ್ಕೆ ಒಂದು ಮ್ಯೂಸಿಯಂ ಕೂಡ ಇದೆ.

ಊರ ಹಿಂದಿನ ಗೋಡೆ ಬೆಟ್ಟ ಹತ್ತಿ ಸಂತ ಜಾನ್ ಕೋಟೆಗೆ ಹೋಗುತ್ತದೆ. ಸುಮಾರು 1,350 ಮೆಟ್ಟಿಲು. ಬೆಟ್ಟ ಪೂರ್ವಕ್ಕೆ ಇರುವುದರಿಂದ ಬೆಳಿಗ್ಗೆ ಬಿಸಿಲು ತಡವಾಗಿ ಬರುತ್ತದೆ, ಬೇಗ ಎದ್ದರೆ ನೆರಳಲ್ಲೇ ಹತ್ತಿ ಇಳಿಯಬಹುದು. ಕೊಟೊರ್‌ಗೂ ಕ್ರೂಸ್ ಹಡಗು ಬರುತ್ತವೆ, ಗೋಡೆಯ ಎದುರಿಗೇ ಬಂದು ನಿಲ್ಲುತ್ತವೆ. ಹಾಗಾಗಿ ಹಗಲು ಹೊತ್ತು ಇಲ್ಲಿ ಡುಬ್ರೊವ್ನಿಕ್‌ಗಿಂತ ಆರಾಮ ಅನ್ನಲಾರೆ. ಆದರೆ ಹಡಗು ಹೋದ ಮೇಲೆ ಮಕ್ಕಳು ಚೌಕದಲ್ಲಿ ಚೆಂಡು ಒದೆಯುತ್ತಾರೆ. ಪಕ್ಕದ ಪೆರಾಸ್ತ್‌ಗೆ ಬಸ್ಸಿದೆ. ಅಲ್ಲಿ ಜನರೇ ಕಲ್ಲು ಹಾಕಿ ಎಬ್ಬಿಸಿದ ದ್ವೀಪದ ಮೇಲೆ ಒಂದು ಚರ್ಚ್ ಇದೆ. ಪ್ರತಿ ವರ್ಷ ಜುಲೈ 22ರ ಸಂಜೆ ದೋಣಿಗಳಲ್ಲಿ ಹೋಗಿ ಇವತ್ತಿಗೂ ಅದರ ಸುತ್ತ ಕಲ್ಲು ಹಾಕಿ ಬರುತ್ತಾರೆ.

ನನ್ನ ತೀರ್ಪು: ಇತಿಹಾಸ, ಕಟ್ಟಡ ಮುಖ್ಯವಾದರೆ ಡುಬ್ರೊವ್ನಿಕ್, ಆದರೆ ಬೇಸಿಗೆ ಬಿಟ್ಟು. ಬೇಸಿಗೆಯಲ್ಲೇ ಹೋಗಬೇಕಾದರೆ ಕೊಟೊರ್, ಅದೂ ಅಲ್ಲೇ ಉಳಿದು. ಖರ್ಚಿನಲ್ಲೂ ಕೊಟೊರ್ ಸ್ವಲ್ಪ ಹಗುರ. ಮಂಡಿ ನೋವಿರುವ ಅಪ್ಪ ಅಮ್ಮ ಜೊತೆಗಿದ್ದರೆ ಎರಡರಲ್ಲೂ ಗೋಡೆ ಹತ್ತುವ ಆಸೆ ಬಿಡಿ. ಡುಬ್ರೊವ್ನಿಕ್‌ನಲ್ಲಿ ಸ್ರ್ಜ್ ಬೆಟ್ಟಕ್ಕೆ ಕೇಬಲ್ ಕಾರ್ ಇದೆ, ಊರಿನ ನೋಟ ಅಲ್ಲಿಂದಲೂ ಸಿಗುತ್ತದೆ.

ಓಹ್ರಿಡ್ ಮತ್ತು ಪ್ಲೊವ್ದಿವ್: ಅವಸರ ಇಲ್ಲದವರಿಗೆ

ಉತ್ತರ ಮೆಸಡೋನಿಯಾದ ಓಹ್ರಿಡ್‌ನಲ್ಲಿ ಸಮುದ್ರ ಇಲ್ಲ, ಸರೋವರ ಇದೆ. ಯುರೋಪಿನ ಅತಿ ಹಳೇ ಸರೋವರಗಳಲ್ಲಿ ಒಂದು, ಆಳ 280 ಮೀಟರಿಗೂ ಜಾಸ್ತಿ. ದಿನಕ್ಕೊಂದರಂತೆ 365 ಚರ್ಚ್ ಇದ್ದವು ಅಂತ ಊರಿನವರು ಹೆಮ್ಮೆಯಿಂದ ಹೇಳುತ್ತಾರೆ. ಲೆಕ್ಕ ಬಿಡಿ, ಇರುವವುಗಳಲ್ಲಿ ಮೂರನ್ನು ತಪ್ಪಿಸಬೇಡಿ. ಬಂಡೆ ತುದಿಯ ಕನೆಯೊ ಚರ್ಚ್ ಎಲ್ಲ ಪೋಸ್ಟ್‌ಕಾರ್ಡ್‌ನಲ್ಲೂ ಇರುವಂಥದ್ದು. 11ನೇ ಶತಮಾನದ ಸಂತ ಸೋಫಿಯಾ ತುರ್ಕರ ಕಾಲದಲ್ಲಿ ಮಸೀದಿಯಾಗಿತ್ತು, ಆಗ ಸುಣ್ಣ ಬಳಿದ ಗೋಡೆಗಳ ಕೆಳಗೆ ಹಳೇ ಚಿತ್ರಗಳು ಉಳಿದುಕೊಂಡವು. ಮೂರನೆಯದು 1295ರ ಪೆರಿಬ್ಲೆಪ್ಟೊಸ್. ಅದರ ಗೋಡೆಚಿತ್ರ ಬರೆದ ಮಿಖಾಯಿಲ್, ಎವ್ತಿಖಿ ಇಬ್ಬರೂ ತಮ್ಮ ಹೆಸರನ್ನು ಚಿತ್ರದೊಳಗೇ ಅಲ್ಲಲ್ಲಿ ಸೇರಿಸಿದ್ದಾರೆ. ಅಳುವ ಮುಖಗಳಲ್ಲಿ ಅಷ್ಟು ಭಾವ ತುಂಬಿದ ಚಿತ್ರ ಆ ಕಾಲಕ್ಕೆ ಅಪರೂಪ. ಸಂತ ಕ್ಲಿಮೆಂತ್ ಶಿಷ್ಯರಿಗೆ ಸ್ಲಾವ್ ಭಾಷೆಯಲ್ಲಿ ಓದುಬರಹ ಕಲಿಸಿದ್ದು ಇದೇ ಊರಲ್ಲಿ, 9ನೇ ಶತಮಾನದ ಕೊನೆಯಲ್ಲಿ.

ಓಹ್ರಿಡ್‌ನ ಹಳೇ ಭಾಗದಲ್ಲಿ ಜನ ಈಗಲೂ ಮನೆ ಮಾಡಿಕೊಂಡಿದ್ದಾರೆ. ಕೆಳಗೆ ಸಣ್ಣದಾಗಿ, ಮೇಲೆ ಹೋದಂತೆ ಬೀದಿ ಕಡೆಗೆ ಚಾಚಿಕೊಂಡ ಬಿಳಿ ಮನೆಗಳು. ಅಂಗಳದಲ್ಲಿ ದ್ರಾಕ್ಷಿ ಚಪ್ಪರ. ಮೀನಿನ ಹುರುಪೆಯಿಂದ ತೆಗೆದ ಲೇಪ ಹಚ್ಚಿ ಮುತ್ತು ಮಾಡುವ ಕುಟುಂಬಗಳಿವೆ, ಆ ಲೇಪದ ಪಾಕ ಹೊರಗಿನವರಿಗೆ ಹೇಳುವುದಿಲ್ಲ. ಮಕ್ಕಳ ಜೊತೆ, ಕಡಿಮೆ ಖರ್ಚಿನಲ್ಲಿ, ನಾಲ್ಕು ದಿನ ಒಂದೇ ಕಡೆ ಇರುವ ಮನಸ್ಸಿದ್ದರೆ ನಾನು ಹೇಳುವುದು ಓಹ್ರಿಡ್. ಜುಲೈ, ಆಗಸ್ಟ್‌ನಲ್ಲಿ ದಂಡೆಯ ಮೇಲೆ ರಾತ್ರಿ ತಡವಾಗುವವರೆಗೂ ಜೋರು ಸಂಗೀತ ಇರುತ್ತದೆ. ಜೂನ್ ಅಥವಾ ಸೆಪ್ಟೆಂಬರ್ ಒಳ್ಳೇದು.

ಬಲ್ಗೇರಿಯಾದ ಪ್ಲೊವ್ದಿವ್ ಇದಕ್ಕೆ ಪೂರ್ತಿ ಬೇರೆ ರುಚಿ. ಇದು ದೊಡ್ಡ ನಗರ, ದೇಶದಲ್ಲಿ ಎರಡನೆಯದು. ಅಲೆಕ್ಸಾಂಡರನ ಅಪ್ಪ ಫಿಲಿಪ್ ಗೆದ್ದು ತನ್ನ ಹೆಸರಿಟ್ಟ ಊರು. ಬೆಟ್ಟದ ಓರೆಯಲ್ಲಿ ರೋಮನ್ ರಂಗಮಂದಿರ, 1970ರ ದಶಕದಲ್ಲಿ ಅಗೆದು ತೆಗೆದದ್ದು. ಈಗಲೂ ಅಲ್ಲಿ ಒಪೆರಾ, ಸಂಗೀತ ನಡೆಯುತ್ತದೆ. ಊರಿನ ಮುಖ್ಯ ಪಾದಚಾರಿ ಬೀದಿಯ ಕೆಳಗೇ ಒಂದು ರೋಮನ್ ಕ್ರೀಡಾಂಗಣ ಹೂತಿದೆ. ಜುಮಾಯಾ ಮಸೀದಿ ಮುಂದೆ ಅದರ ಒಂದು ತುದಿ ತೆರೆದಿಟ್ಟಿದ್ದಾರೆ, ಮಿಕ್ಕದ್ದರ ಮೇಲೆ ಜನ ಶಾಪಿಂಗ್ ಮಾಡುತ್ತಾ ಓಡಾಡುತ್ತಾರೆ. ಮೇಲಿನ ಹಳೇ ಊರಲ್ಲಿ 19ನೇ ಶತಮಾನದ ವ್ಯಾಪಾರಿಗಳ ಬಣ್ಣದ ಮನೆಗಳಿವೆ. ಚಂದ ಇವೆ, ಆದರೆ ಬಹಳಷ್ಟು ಈಗ ಮ್ಯೂಸಿಯಂಗಳು, ಸಂಜೆ ಮೇಲೆ ಅಲ್ಲಿ ಜನ ಕಡಿಮೆ. ಜೀವ ಇರುವುದು ಕೆಳಗೆ, ಕಪಾನಾ ಅನ್ನುವ ಹಳೇ ಕಸುಬುದಾರರ ಓಣಿಗಳಲ್ಲಿ. 2019ರಲ್ಲಿ ಪ್ಲೊವ್ದಿವ್ ಯುರೋಪಿನ ಸಾಂಸ್ಕೃತಿಕ ರಾಜಧಾನಿ ಆಯಿತು. ಕಪಾನಾ ಸುಧಾರಿಸಿದ್ದು ಆ ತಯಾರಿಯಲ್ಲೇ. ಈಗ ಕೆಫೆ, ಚಿತ್ರಶಾಲೆ, ಸಣ್ಣ ಬಾರುಗಳಿಂದ ತುಂಬಿದೆ. ಹರೆಯದವರಿಗೆ, ಮ್ಯೂಸಿಯಂ ಪ್ರಿಯರಿಗೆ ಈ ಊರು. ಸೋಫಿಯಾದಿಂದ ರೈಲು, ಬಸ್ಸು ಎರಡೂ ಸುಲಭ.

ಅಲ್ಬೇನಿಯಾದ ಎರಡು, ಕೊಸೊವೊದ ಒಂದು

ಬೆರಾಟ್, ಜಿರೊಕಾಸ್ತರ್ ಎರಡೂ ಯುನೆಸ್ಕೊ ಪಟ್ಟಿಯಲ್ಲಿ ಒಂದೇ ಹೆಸರಿನ ಕೆಳಗಿವೆ. ಒಂದನ್ನೇ ಆರಿಸುವುದಾದರೆ ಬೆರಾಟ್. ಬೆಟ್ಟದ ಮೇಲಿನ ಕೋಟೆಯೊಳಗೆ ಇನ್ನೂ ಸಂಸಾರಗಳಿವೆ. ಅಜ್ಜಿಯರು ಬಾಗಿಲಲ್ಲಿ ಕೂತು ಕಸೂತಿ ಬಟ್ಟೆ, ಅಂಜೂರದ ಜಾಮ್ ಮಾರುತ್ತಾರೆ. ಒಳಗಿನ ಮ್ಯೂಸಿಯಂನಲ್ಲಿ 16ನೇ ಶತಮಾನದ ಒನುಫ್ರಿ ಬರೆದ ಚಿತ್ರಗಳಿವೆ, ಆತ ಬಳಸಿದ ಕೆಂಪು ಬಣ್ಣ ಹೆಸರುವಾಸಿ. ಜಿರೊಕಾಸ್ತರ್ ಕಲ್ಲಿನ ಚಾವಣಿಯ ಗಂಭೀರ ಊರು, ಬೀದಿಗಳು ಕಡಿದು. ಸರ್ವಾಧಿಕಾರಿ ಎನ್ವರ್ ಹೋಜಾ, ಲೇಖಕ ಇಸ್ಮಾಯಿಲ್ ಕಾದರೆ, ಇಬ್ಬರೂ ಹುಟ್ಟಿದ್ದು ಅಲ್ಲೇ. ಮಳೆಯಲ್ಲಿ ಅದರ ಕಲ್ಲು ಕಪ್ಪಗೆ ಹೊಳೆಯುವಾಗ ಬೆರಾಟ್‌ಗಿಂತ ಚಂದ ಅನ್ನುವವರಿದ್ದಾರೆ. ಚಪ್ಪಲಿ ಮಾತ್ರ ಬೇಡ, ಹಿಡಿತ ಇರುವ ಶೂ ಹಾಕಿ.

ಕೊಸೊವೊದ ಪ್ರಿಜ್ರೆನ್ ಸಂಜೆಯ ಪರೀಕ್ಷೆಯಲ್ಲಿ ಬಹುಶಃ ಎಲ್ಲರನ್ನೂ ಸೋಲಿಸುತ್ತದೆ. ಕತ್ತಲಾಗುತ್ತಿದ್ದಂತೆ ಇಡೀ ಊರೇ ಹೊಳೆ ಪಕ್ಕ ಅಡ್ಡಾಡಲು ಬರುತ್ತದೆ. ಆದರೆ ಭಾರತ ಕೊಸೊವೊವನ್ನು ದೇಶ ಅಂತ ಒಪ್ಪಿಕೊಂಡಿಲ್ಲ. ಪಾಸ್‌ಪೋರ್ಟ್ ಕಳೆದರೆ ಅಲ್ಲಿ ನಮ್ಮ ರಾಯಭಾರ ಕಚೇರಿ ಇಲ್ಲ. ಮೊದಲ ಸಲ ಹೋಗುವವರಿಗೆ ನಾನು ಹೇಳುವುದಿಲ್ಲ.

ಹೊಟ್ಟೆ ಪಾಡು

ಸಸ್ಯಾಹಾರಿಗಳಿಗೆ ಬಾಲ್ಕನ್ ಕಷ್ಟ ಅನ್ನುವ ಮಾತು ಅರ್ಧ ನಿಜ. ಬೋಸ್ನಿಯಾದಲ್ಲಿ ಬುರೆಕ್ ಅಂದರೆ ಮಾಂಸ ತುಂಬಿದ್ದೇ. ಅದೇ ಅಂಗಡಿಯಲ್ಲಿ ಸಿರ್ನಿಟ್ಸಾ ಕೇಳಿದರೆ ಚೀಸ್, ಜೆಲ್ಯಾನಿಟ್ಸಾ ಕೇಳಿದರೆ ಸೊಪ್ಪು ಚೀಸ್, ಕ್ರೊಂಪಿರುಶಾ ಕೇಳಿದರೆ ಆಲೂಗಡ್ಡೆ. ಮೂರೂ ಬಿಸಿಬಿಸಿ, ಹೊಟ್ಟೆ ತುಂಬುತ್ತದೆ, ಅಗ್ಗ. ಮೆಸಡೋನಿಯಾದಲ್ಲಿ ಮಣ್ಣಿನ ಪಾತ್ರೆಯಲ್ಲಿ ಬೇಯಿಸಿದ ದೊಡ್ಡ ಬಿಳಿ ಬೀನ್ಸ್ ಕಾಳು, ತಾವ್ಚೆ ಗ್ರಾವ್ಚೆ. ಬಲ್ಗೇರಿಯಾದಲ್ಲಿ ಸೌತೆಕಾಯಿ, ಮೊಸರಿನ ತಣ್ಣನೆ ಸೂಪ್ ತಾರಾತೋರ್, ಮೇಲೆ ಬೆಳ್ಳುಳ್ಳಿ. ಮೊಸರಿಲ್ಲದೆ ಊಟ ಇಳಿಯದವರಿಗೆ ಬಲ್ಗೇರಿಯಾವೇ ಸ್ವರ್ಗ. ಆರ್ಥಡಾಕ್ಸ್ ಕ್ರೈಸ್ತರ ಊರುಗಳಲ್ಲಿ ಪೊಸ್ನೊ ಅಂತ ಕೇಳಿ. ಅದು ಅವರ ಉಪವಾಸದ ಅಡುಗೆ, ಮಾಂಸ ಹಾಲು ಮೊಟ್ಟೆ ಇರುವುದಿಲ್ಲ. ಮೀನು ಇರಬಹುದು, ಅದನ್ನು ಬೇರೆಯಾಗಿ ಕೇಳಿಕೊಳ್ಳಿ. ಅತಿ ದುಬಾರಿ, ಅತಿ ಸಪ್ಪೆ ಊಟ ಸಿಗುವುದು ಡುಬ್ರೊವ್ನಿಕ್ ಗೋಡೆಯೊಳಗೆ.

ಕಾಫಿಗೆ ಮಾತ್ರ ಸರಾಯೆವೊ. ತಾಮ್ರದ ತಟ್ಟೆ, ಸಣ್ಣ ಪಾತ್ರೆ, ಹಿಡಿ ಇಲ್ಲದ ಬಟ್ಟಲು, ಸಕ್ಕರೆ ಗಟ್ಟಿ, ಒಂದು ತುಂಡು ಲೊಕುಮ್ ಮಿಠಾಯಿ. ಚರಟ ತಳಕ್ಕೆ ಇಳಿಯುವವರೆಗೆ ಕಾಯಬೇಕು. ಹಾಲು ಕೇಳಬೇಡಿ. ಕೇಳಿದರೆ ಕೊಡುತ್ತಾರೆ, ಆದರೆ ನೋಡುವ ನೋಟ ಬೇರೆ.

ವೀಸಾ, ದುಡ್ಡು, ದಾರಿ

ಬೆಂಗಳೂರಿನಿಂದ ಈ ಯಾವ ಊರಿಗೂ ನೇರ ವಿಮಾನ ಇಲ್ಲ. ಇಸ್ತಾಂಬುಲ್ ಅಥವಾ ಗಲ್ಫ್ ಮೂಲಕ ಹೋಗುವುದು ವಾಡಿಕೆ. ಕ್ರೊಯೇಷಿಯಾ, ಬಲ್ಗೇರಿಯಾ ಎರಡೂ ಷೆಂಗನ್ ಒಳಗಿವೆ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿನಲ್ಲಿ. ಬೋಸ್ನಿಯಾ, ಮಾಂಟೆನೆಗ್ರೊ, ಉತ್ತರ ಮೆಸಡೋನಿಯಾ, ಅಲ್ಬೇನಿಯಾ ಹೊರಗಿವೆ. ಆದರೆ ಹಲವು ಸಲ ಒಳಹೋಗಬಹುದಾದ ಷೆಂಗನ್ ವೀಸಾ ಕೈಯಲ್ಲಿದ್ದರೆ ಇವು ಸಾಮಾನ್ಯವಾಗಿ ಕೆಲವು ದಿನಗಳಿಗೆ ಒಳಗೆ ಬಿಡುತ್ತವೆ. ಎಷ್ಟು ದಿನ, ಯಾವ ಷರತ್ತು ಅನ್ನುವುದು ದೇಶದಿಂದ ದೇಶಕ್ಕೆ ಬೇರೆ, ಆಗಾಗ ಬದಲಾಗುತ್ತದೆ ಕೂಡ. ಟಿಕೆಟ್ ಮಾಡುವ ಮೊದಲು ಆಯಾ ದೇಶದ ವಿದೇಶಾಂಗ ಇಲಾಖೆಯ ಪುಟ ನೋಡಿ. ಒಂದೇ ಸಲ ಒಳಹೋಗುವ ವೀಸಾ ಸಿಕ್ಕಿದರೆ ಹುಷಾರು. ಡುಬ್ರೊವ್ನಿಕ್‌ನಿಂದ ಮೊಸ್ತಾರ್‌ಗೆ ಒಂದು ದಿನಕ್ಕೆ ಅಂತ ಹೊರಟವರು ವಾಪಸ್ ಕ್ರೊಯೇಷಿಯಾಗೆ ಬರಲು ಆಗುವುದಿಲ್ಲ.

ಕ್ರೊಯೇಷಿಯಾ 2023ರಿಂದ, ಬಲ್ಗೇರಿಯಾ 2026ರ ಜನವರಿಯಿಂದ ಯೂರೊ ಬಳಸುತ್ತಿವೆ. ಮಾಂಟೆನೆಗ್ರೊ ಯುರೋಪಿಯನ್ ಒಕ್ಕೂಟದ ಹೊರಗಿದ್ದರೂ ಅಲ್ಲೂ ಯೂರೊ. ಬೋಸ್ನಿಯಾದಲ್ಲಿ ಮಾರ್ಕ್, ಒಂದು ಯೂರೊಗೆ ಸುಮಾರು 1.96. ದೇಶ ಬಿಟ್ಟ ಮೇಲೆ ಆ ಮಾರ್ಕನ್ನು ಬದಲಿಸಿಕೊಳ್ಳುವುದು ಕಷ್ಟ, ಕೊನೆಯ ದಿನವೇ ಖರ್ಚು ಮಾಡಿ ಮುಗಿಸಿ.

ಒಂದು ವಾರಕ್ಕೆ ಸರಾಯೆವೊ, ಮೊಸ್ತಾರ್, ಕೊನೆಗೆ ಡುಬ್ರೊವ್ನಿಕ್ ಅಥವಾ ಕೊಟೊರ್ ಒಂದು ಸಾಲು. ಓಹ್ರಿಡ್, ಬೆರಾಟ್, ಜಿರೊಕಾಸ್ತರ್ ಇನ್ನೊಂದು ಸಾಲು. ಪ್ಲೊವ್ದಿವ್ ಸೋಫಿಯಾ ಜೊತೆಗೆ ಬೇರೆಯೇ ಪ್ರವಾಸ. ನಕ್ಷೆಯಲ್ಲಿ ಎಲ್ಲ ಹತ್ತಿರ ಕಾಣುತ್ತವೆ. ನಡುವೆ ಬೆಟ್ಟ, ಒಂಟಿ ರಸ್ತೆ, ಗಡಿ ಠಾಣೆ. ಸರಾಯೆವೊದಿಂದ ಓಹ್ರಿಡ್‌ಗೆ ಬಸ್ಸಿನಲ್ಲಿ ಹೋಗುವುದು ಅಂದರೆ ಒಂದು ಪೂರ್ತಿ ದಿನ ಕಳೆದುಕೊಂಡ ಹಾಗೆ, ಎರಡು ಸಾಲನ್ನು ಬೆರೆಸಬೇಡಿ. ಬಸ್ಸಿನ ಡಿಕ್ಕಿಯಲ್ಲಿ ಬ್ಯಾಗ್ ಇಡಲು ಟಿಕೆಟ್ಟಿನ ಮೇಲೆ ಬೇರೆ ದುಡ್ಡು ಕೇಳುತ್ತಾರೆ, ಅದೂ ಆ ದೇಶದ ನಾಣ್ಯದಲ್ಲಿ. ಚಿಲ್ಲರೆ ಇಟ್ಟುಕೊಂಡಿರಿ.